ಮನೆಯಲ್ಲಿ ಇರಲಿಲ್ಲವೆಂಬ ಕಾರಣಕ್ಕೆ ಮತದಾರರ ಪಟ್ಟಿಯಿಂದ ಹೆಸರು ಹೋಗಬಹುದೇ?

ಪ್ರಶ್ನೆ: ಬೆಳೆಗಾರ, ದಕ್ಷಿಣ ಕೊಡಗು

ಎಲ್ಲರಿಗೂ ನಮಸ್ಕಾರ. ನಾನು ದಕ್ಷಿಣ ಕೊಡಗಿನ ಒಂದು ಗ್ರಾಮದಲ್ಲಿ ಆರು ಎಕರೆ ಕಾಫಿ ತೋಟವನ್ನೂ ಸ್ವಲ್ಪ ಗದ್ದೆಯನ್ನೂ ನೋಡಿಕೊಂಡಿರುವ ಸಣ್ಣ ಬೆಳೆಗಾರ. ಕಳೆದ ವಾರ ನಮ್ಮ ಮತಗಟ್ಟೆಯ ಕರಡು ಮತದಾರರ ಪಟ್ಟಿಯನ್ನು ತೆರೆದು ನೋಡಿದಾಗ, ಎಂಬತ್ತೆರಡು ವರ್ಷದ ನನ್ನ ತಾಯಿಯ ಹೆಸರಿನ ಮೇಲೆ ‘ಡಿಲೀಟೆಡ್’ ಎಂಬ ಅಡ್ಡಮುದ್ರೆಯೂ ಪಕ್ಕದಲ್ಲಿ ‘ಎಸ್’ ಎಂಬ ಅಕ್ಷರವೂ ಕಂಡವು. ಆ ಅಕ್ಷರಕ್ಕೆ ಸ್ಥಳಾಂತರಗೊಂಡವರು ಎಂದು ಅರ್ಥವಂತೆ. ಮದುವೆಯಾಗಿ ಈ ಮನೆಯ ಹೊಸ್ತಿಲು ತುಳಿದ ಮೇಲೆ ತಾಯಿ ಬೇರೆಲ್ಲೂ ಸಂಸಾರ ಹೂಡಿದವರಲ್ಲ. ಈ ವರ್ಷ ಜೂನ್ ಕೊನೆಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಮೈಸೂರಿನಲ್ಲಿರುವ ತಂಗಿಯ ಮನೆಗೆ ಹೋದರು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅವರು ಓಡಾಡುವುದು ಬೇಡವೆಂದು ನಾವೇ ಅಲ್ಲಿ ನಿಲ್ಲಿಸಿಕೊಂಡೆವು. ಕೈಲ್ ಮುಹೂರ್ತ ಹಬ್ಬಕ್ಕೂ ಬರಲಾಗದೆ, ತುಲಾ ಸಂಕ್ರಮಣದ ಹೊತ್ತಿಗೆ ಹಿಂದಿರುಗಿದರು. ಆ ನಡುವೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಬಂದ ದಿನ ನಾನು ಗದ್ದೆಯಲ್ಲಿದ್ದೆ. ಅಂಗಳದಲ್ಲಿದ್ದ ಕೆಲಸದ ಹುಡುಗ ‘ಅಮ್ಮ ಮೈಸೂರಿಗೆ ಹೋಗಿದ್ದಾರೆ’ ಎಂದಷ್ಟೇ ಹೇಳಿದನಂತೆ.

ನಮ್ಮ ಮನೆಯದು ಇಷ್ಟಾದರೆ, ಪಕ್ಕದ ತೋಟದ ಲೈನ್ ಮನೆಯಲ್ಲಿ (ಕೂಲಿಯವರ ಸಾಲುಮನೆ) ವಾಸವಿದ್ದ ಎರವ ಆದಿವಾಸಿ ಕುಟುಂಬವೊಂದರ ಮೂವರ ಹೆಸರುಗಳೂ ಇದೇ ಅಕ್ಷರದೊಂದಿಗೆ ಹೋಗಿವೆ. ಅವರು ನಿಜಕ್ಕೂ ಆ ಲೈನ್ ಬಿಟ್ಟಿದ್ದಾರೆ, ಆದರೆ ಹೋಗಿರುವುದು ಎರಡು ಮೈಲಿ ಆಚೆಯ ಇನ್ನೊಂದು ತೋಟಕ್ಕೆ. ಮೂವರ ಕೈಯಲ್ಲೂ ಗುರುತಿನ ಚೀಟಿ ಇದೆ, ಚೀಟಿ ಇರುವಾಗ ಮತ ಇದ್ದೇ ಇರುತ್ತದೆ ಎಂದು ಅವರು ನಂಬಿದ್ದಾರೆ.

ನನ್ನ ಪ್ರಶ್ನೆಗಳು ಹೀಗಿವೆ. ಒಂದು ನೋಟಿಸನ್ನೂ ಕೊಡದೆ ಹೀಗೆ ಹೆಸರು ತೆಗೆಯಲು ಕಾನೂನಿನಲ್ಲಿ ಅವಕಾಶವಿದೆಯೇ? ಮರಳಿ ಸೇರಿಸಲು ಏನು ಮಾಡಬೇಕು, ಅದಕ್ಕೆ ಕೊನೆಯ ಗಡುವು ಯಾವುದು? ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣ ತನ್ನ ಮತ ಮನೆತನದ ಮೂಲಮನೆಯಾದ ಐನ್ ಮನೆ ಇರುವ ಊರಿನಲ್ಲೇ ಇರಬೇಕೆಂದು ಹಟ ಹಿಡಿದಿದ್ದಾರೆ. ಅವರ ಹೆಸರು ಪಟ್ಟಿಯಲ್ಲಿ ಭದ್ರವಾಗಿದೆ, ಮನೆಯಲ್ಲೇ ಇರುವ ತಾಯಿಯ ಹೆಸರು ಇಲ್ಲ. ಈ ವಿಚಿತ್ರ ಹೇಗೆ ಸಾಧ್ಯವಾಯಿತೆಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಚುನಾವಣಾ ಶಾಖೆಯ ನಿವೃತ್ತ ನೌಕರ, ಮಡಿಕೇರಿ

ಬೆಳೆಗಾರರೇ, ತಮ್ಮ ತಾಯಿಯವರ ವಿಷಯ, ಎರವ ಕುಟುಂಬದ ವಿಷಯ, ತಮ್ಮ ಅಣ್ಣನವರ ವಿಷಯ ಈ ಮೂರೂ ‘ಸಾಮಾನ್ಯವಾಗಿ ವಾಸಿಸುವವರು’ ಎಂಬ ಒಂದೇ ಮಾತಿನ ಸುತ್ತ ನಿಂತಿವೆ. 1950ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅರ್ಹತಾ ದಿನಾಂಕದಂದು 18 ವರ್ಷ ತುಂಬಿದ್ದು, ಆ ಕ್ಷೇತ್ರದಲ್ಲಿ ಸಾಮಾನ್ಯವಾಗಿ ವಾಸಿಸುವ ವ್ಯಕ್ತಿ ಅಲ್ಲಿ ಹೆಸರು ನೋಂದಾಯಿಸಿಕೊಳ್ಳಲು ಹಕ್ಕುಳ್ಳವನು. ಮುಂದಿನ 20ನೇ ಸೆಕ್ಷನ್ ಎರಡು ಮಾತುಗಳನ್ನು ಅಕ್ಕಪಕ್ಕದಲ್ಲೇ ಹೇಳುತ್ತದೆ: ಒಂದು ಊರಿನಲ್ಲಿ ಮನೆ ಇದೆಯೆಂಬ ಕಾರಣಕ್ಕಷ್ಟೇ ಅಲ್ಲಿಯ ವಾಸಿಯಾಗುವುದಿಲ್ಲ, ವಾಸದ ಸ್ಥಳದಿಂದ ತಾತ್ಕಾಲಿಕವಾಗಿ ದೂರವಿದ್ದ ಕಾರಣಕ್ಕೆ ಅಲ್ಲಿಯ ವಾಸಿಯಲ್ಲದೆ ಹೋಗುವುದೂ ಇಲ್ಲ. ಮೊದಲನೆಯ ಮಾತು ತಮ್ಮ ಅಣ್ಣನವರಿಗೆ, ಎರಡನೆಯದು ತಾಯಿಯವರಿಗೆ ಬರೆದಿಟ್ಟಂತಿದೆ. ತಮ್ಮ ಮನೆಯಲ್ಲಿ ಅದು ತಲೆಕೆಳಗಾಗಿ ಜಾರಿಯಾಗಿದೆ ಎನ್ನಬೇಕು.

ಇನ್ನು ತೆಗೆಯುವ ವಿಧಾನ. ಅದೇ ಕಾಯ್ದೆಯ 22ನೇ ಸೆಕ್ಷನ್ ಮತದಾರರ ನೋಂದಣಾಧಿಕಾರಿಗೆ ನಮೂದುಗಳನ್ನು ತಿದ್ದುವ, ಅಳಿಸುವ ಅಧಿಕಾರ ಕೊಡುತ್ತದೆ. ಆದರೆ ವ್ಯಕ್ತಿ ಅಲ್ಲಿ ವಾಸಿಸುತ್ತಿಲ್ಲ ಅಥವಾ ಅರ್ಹನಲ್ಲ ಎಂಬ ಕಾರಣಕ್ಕೆ ಹೆಸರು ಅಳಿಸುವುದಾದರೆ, ಅದಕ್ಕೆ ಮುನ್ನ ಅವನ ಅಹವಾಲು ಕೇಳಲು ತಕ್ಕ ಅವಕಾಶ ಕೊಡಲೇಬೇಕೆಂಬ ಷರತ್ತೂ ಅಲ್ಲೇ ಇದೆ. 1960ರ ಮತದಾರರ ನೋಂದಣಿ ನಿಯಮಗಳಲ್ಲಿ ಇಂಥ ನೋಟಿಸಿಗೆ ಪ್ರತ್ಯೇಕ ನಮೂನೆಯನ್ನೇ ನಿಗದಿ ಮಾಡಲಾಗಿದೆ. 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ಜಾಡಿನಲ್ಲಿದೆ: ಒಮ್ಮೆ ಪಟ್ಟಿಗೆ ಸೇರಿದ ಹೆಸರಿನ ಹಿಂದೆ ಅಧಿಕಾರಿಯ ಪರಿಶೀಲನೆ ನಡೆದಿದೆಯೆಂದು ಭಾವಿಸಬೇಕು, ಅದನ್ನು ತೆಗೆಯುವ ಮೊದಲು ಕಾರಣ ತಿಳಿಸಿ ಉತ್ತರ ಪಡೆಯಬೇಕು. ಕೆಲಸದ ಹುಡುಗನ ಒಂದು ವಾಕ್ಯ ವಿಚಾರಣೆಯಾಗುವುದಿಲ್ಲ. ಆದರೆ ನನ್ನ ಮೂವತ್ತು ವರ್ಷದ ಅನುಭವದಲ್ಲಿ ಹೇಳುವುದಾದರೆ, ನೋಟಿಸ್ ಸಿದ್ಧವಾಗಿದ್ದರೂ ಮನೆಯ ಬಾಗಿಲಿಗೆ ಮುಟ್ಟದೆ, ಕಡತದಲ್ಲಿ ಮಾತ್ರ ‘ಜಾರಿಯಾಗಿದೆ’ ಎಂದು ಉಳಿದುಬಿಡುವುದುಂಟು. ಆದುದರಿಂದ ಮೊದಲು ತಾಯಿಯವರ ಹೆಸರು ತೆಗೆದ ಆದೇಶದ ಪ್ರತಿಯನ್ನೂ ನೋಟಿಸ್ ಜಾರಿಯ ದಾಖಲೆಯನ್ನೂ ಬರಹದಲ್ಲಿ ಕೇಳಿ, ಅರ್ಜಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಸಿಗುತ್ತದೆ.

ಮರುಸೇರ್ಪಡೆಗೆ ಈಗ ಹಕ್ಕು ಮತ್ತು ಆಕ್ಷೇಪಣೆಗಳ ಅವಧಿ ನಡೆಯುತ್ತಿರುವುದರಿಂದ, ನಮೂನೆ 6ರಲ್ಲಿ ಅರ್ಜಿ ಹಾಕಿ, ಹಿಂದಿನ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆಯನ್ನು ಜೊತೆಗಿಟ್ಟ ಪತ್ರದಲ್ಲಿ ತಿಳಿಸಿ, ಚಿಕಿತ್ಸೆಯ ಕಾಗದಗಳ ಪ್ರತಿ ಲಗತ್ತಿಸಿದರೆ ಸಾಕು. ಅರ್ಜಿಯನ್ನು ಬಿಎಲ್‌ಒಗೆ ಕೊಡಬಹುದು, ತಾಲ್ಲೂಕು ಕಚೇರಿಯಲ್ಲಿ ಸಹಾಯಕ ನೋಂದಣಾಧಿಕಾರಿಗೆ ಕೊಡಬಹುದು, ಚುನಾವಣಾ ಆಯೋಗದ ಮತದಾರರ ಜಾಲತಾಣದಲ್ಲೂ ಸಲ್ಲಿಸಬಹುದು. ಅರ್ಜಿ ತಿರಸ್ಕೃತವಾದರೆ 24ನೇ ಸೆಕ್ಷನ್ ಪ್ರಕಾರ ಮೊದಲ ಮೇಲ್ಮನವಿ ಜಿಲ್ಲಾ ದಂಡಾಧಿಕಾರಿಗೆ, ಎರಡನೆಯದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಮೊದಲನೆಯದಕ್ಕೆ 15 ದಿನಗಳ ಕಾಲಮಿತಿ ಇದೆ.

ಗಡುವಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಚುನಾವಣೆ ಘೋಷಣೆಯಾದ ಮೇಲೂ ಹೆಸರು ಸೇರಿಸಲು ಅರ್ಜಿ ಹಾಕಬಹುದು, ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮುಗಿದ ಬಳಿಕ ಆ ಚುನಾವಣೆ ಪೂರ್ಣಗೊಳ್ಳುವವರೆಗೆ ಪಟ್ಟಿಯಲ್ಲಿ ಸೇರ್ಪಡೆಯೂ ಇಲ್ಲ, ಅಳಿಸುವಿಕೆಯೂ ಇಲ್ಲ ಎಂದು 23ನೇ ಸೆಕ್ಷನ್‌ನ 3ನೇ ಉಪಬಂಧ ಹೇಳುತ್ತದೆ. ಅರ್ಜಿ ಬಂದ ಮೇಲೆ ಪ್ರಕಟಣೆ, ಆಕ್ಷೇಪಣೆ, ಪರಿಶೀಲನೆಗಳಿಗೆ ಕನಿಷ್ಠ ಒಂದು ವಾರವಾದರೂ ಹಿಡಿಯುವುದರಿಂದ, ನಾಮಪತ್ರದ ಕೊನೆಯ ದಿನ ಅರ್ಜಿ ಕೊಟ್ಟವರು ಗಡುವಿನೊಳಗೆ ಕೊಟ್ಟೆವೆಂದು ವಾದಿಸಬಹುದೇ ಹೊರತು ಮತ ಹಾಕಲಾಗುವುದಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯ ಪಟ್ಟಿಯನ್ನು ರಾಜ್ಯ ಚುನಾವಣಾ ಆಯೋಗ ಸಿದ್ಧಪಡಿಸುತ್ತದೆಯಾದರೂ ಅದಕ್ಕೆ ಆಧಾರ ಇದೇ ವಿಧಾನಸಭಾ ಕ್ಷೇತ್ರದ ಪಟ್ಟಿ. ಇಲ್ಲಿ ಹೋದ ಹೆಸರು ಅಲ್ಲಿಯೂ ಇರುವುದಿಲ್ಲ.

ಎರವ ಕುಟುಂಬದವರು ವಾಸ್ತವವಾಗಿ ಸ್ಥಳ ಬದಲಿಸಿದವರು, ಹೆಸರು ಪಟ್ಟಿಯಲ್ಲಿ ಇರುವಾಗಲೇ ನಮೂನೆ 8ರಲ್ಲಿ ವಿಳಾಸ ವರ್ಗಾವಣೆ ಕೇಳಬೇಕಿತ್ತು. ಈಗ ಹೆಸರೇ ಇಲ್ಲದ ಕಾರಣ ಅವರಿಗೂ ಹೊಸ ತೋಟದ ವಿಳಾಸದಲ್ಲಿ ನಮೂನೆ 6 ಆಗಬೇಕು. ಚೀಟಿ ಕೈಯಲ್ಲಿದ್ದರೆ ಮತ ಉಂಟೆಂಬ ನಂಬಿಕೆಯನ್ನು ದಯವಿಟ್ಟು ಅವರಿಂದ ಬಿಡಿಸಿ. ಚೀಟಿ ಗುರುತಿಗೆ ಮಾತ್ರ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಕಳೆದುಹೋಗಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಭಾವಚಿತ್ರವುಳ್ಳ ಪಾಸ್‌ಬುಕ್ ಮುಂತಾದವುಗಳಲ್ಲಿ ಒಂದನ್ನು ತೋರಿಸಿ ಮತ ಹಾಕಬಹುದು. ಚೀಟಿ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಅಂಥ ದಾರಿ ಯಾವುದೂ ಇಲ್ಲ.

ಉತ್ತರ 2: ಹಿಂದೆ ಬಿಎಲ್‌ಒ ಆಗಿದ್ದ ಶಿಕ್ಷಕಿ, ಉತ್ತರ ಕೊಡಗು

ಹಿರಿಯರು ಕಾನೂನನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಬಾಗಿಲು ತಟ್ಟುವವರ ಕಡೆಯ ಮಾತನ್ನೂ ಯಾರಾದರೂ ಹೇಳಬೇಕೆಂದು ಬರೆಯುತ್ತಿದ್ದೇನೆ, ಇದು ಸಮರ್ಥನೆಯಲ್ಲ.

ನಾನು ಒಂಬತ್ತು ವರ್ಷ ಬಿಎಲ್‌ಒ ಆಗಿದ್ದೆ. ಶಾಲೆ ಬಿಟ್ಟ ಮೇಲೆ, ಜುಲೈ ಆಗಸ್ಟ್‌ನ ಮಳೆಯಲ್ಲಿ, ಒಂದಕ್ಕೊಂದು ಅರ್ಧ ಮೈಲಿ ದೂರವಿರುವ ಮನೆಗಳಿಗೆ ಜಿಗಣೆ ಕಚ್ಚಿಸಿಕೊಂಡು ನಡೆಯಬೇಕು, ಫೋನಿನ ಆ್ಯಪ್‌ನಲ್ಲಿ ವಿವರ ತುಂಬಲು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ಬಯಲುಸೀಮೆಯ ಊರಿನಂತೆ ಒಂದು ಬೀದಿಯಲ್ಲಿ ನಿಂತು ನಲವತ್ತು ಮನೆ ಮುಗಿಸುವ ಭಾಗ್ಯ ನಮಗಿಲ್ಲ. ಹೋದ ಮನೆಯಲ್ಲಿ ಆಳಿಲ್ಲದಿದ್ದರೆ ಮತ್ತೊಮ್ಮೆ ಹೋಗಬೇಕೆಂದು ನಿಯಮವಿದೆ, ಹೋಗುತ್ತಿದ್ದೆ. ಪ್ರತಿಯೊಂದು ಮನೆಗೂ ಹೋದೆನೆಂದು ಪ್ರಮಾಣ ಮಾಡಲಾರೆ.

ಕಷ್ಟ ಬರುವುದು ಲೈನ್ ಮನೆಗಳಲ್ಲಿ. ಇಡೀ ಲೈನಿಗೆ ಒಂದೇ ಮನೆ ಸಂಖ್ಯೆ ಇರುತ್ತದೆ, ಹಲವು ಪಟ್ಟಿಗಳಲ್ಲಿ ತೋಟದ ಹೆಸರೇ ವಿಳಾಸ. ಕೂಲಿಗೆ ಹೋದವರು ಸಂಜೆ ಐದಕ್ಕೆ ಮುಂಚೆ ಸಿಗುವುದಿಲ್ಲ, ನಾವು ಹೋಗುವುದು ಹಗಲಿನಲ್ಲಿ. ಆಗ ಮಾಹಿತಿ ಕೊಡುವವರು ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿ. ‘ಇವರು ಬಿಟ್ಟು ಹೋದರು, ಅವರು ಹೋಗಿ ಎರಡು ವರ್ಷವಾಯಿತು’ ಎಂದು ಅವರು ಹೇಳಿದ್ದನ್ನು ಬರೆದುಕೊಂಡು ಬರುತ್ತೇವೆ. ರೈಟರ್‌ಗೆ ಅವರು ಸಂಬಳದ ಪುಸ್ತಕದಿಂದ ಹೋದವರು. ನಮ್ಮ ಕೈಯಲ್ಲಿ ಅದೇ ಮಾತು ಮತದ ಪುಸ್ತಕದಿಂದಲೂ ಹೋದಂತೆ ಆಗಿಬಿಡುತ್ತದೆ. ಎರವರು, ಜೇನು ಕುರುಬರು, ಬೆಟ್ಟ ಕುರುಬರು ಒಂದು ತೋಟದಿಂದ ಮತ್ತೊಂದಕ್ಕೆ ಹೋಗುವುದು ಕಾಫಿ ಕೊಯ್ಲಿನ ಲೆಕ್ಕದಲ್ಲಿ ನಡೆಯುವ ಬದುಕು, ಅದಕ್ಕೆ ನಮೂನೆ 8 ತುಂಬಿ ಬಂದ ಒಬ್ಬರನ್ನೂ ನಾನು ಕಾಣಲಿಲ್ಲ. ಮನೆಯೇ ಇಲ್ಲದವರ ವಿಷಯದಲ್ಲಿ ಬಿಎಲ್‌ಒ ರಾತ್ರಿ ಹೊತ್ತು ಹೋಗಿ, ಅವರು ನಿಜವಾಗಿ ಅಲ್ಲೇ ಮಲಗುತ್ತಾರೆಯೇ ಎಂದು ನೋಡಿ ದೃಢಪಡಿಸಿದರೆ ವಿಳಾಸದ ದಾಖಲೆ ಬೇಡವೆಂದು ಆಯೋಗದ ಸೂಚನೆಯೇ ಇದೆ. ಅದೇ ಔದಾರ್ಯವನ್ನು ಲೈನ್ ಮನೆಗೆ ತೋರಿಸಲು, ಸಂಜೆ ಏಳರ ನಂತರ ಒಂದು ಸುತ್ತು ಹೋಗಲು, ಯಾವ ಕಾನೂನೂ ಅಡ್ಡಬರುವುದಿಲ್ಲ. ನಾನು ಕೊನೆಯ ಎರಡು ವರ್ಷ ಭಾನುವಾರಗಳಲ್ಲಿ ಹೋದೆ. ಅದುವರೆಗೆ ‘ಇಲ್ಲ’ವಾಗಿದ್ದ ಎಷ್ಟೋ ಜನ ಇದ್ದರು.

2018ರ ಆಗಸ್ಟ್ ಜಲಸ್ಫೋಟದ ನಂತರ ಇನ್ನೊಂದು ಗೋಜಲು ಸೇರಿಕೊಂಡಿತು. ಮಕ್ಕಂದೂರು, ಮುವತ್ತೊಕ್ಲು, ಜೋಡುಪಾಲದ ಕಡೆ ಮನೆ ಕಳೆದುಕೊಂಡವರು ಮೊದಲು ಪರಿಹಾರ ಕೇಂದ್ರದಲ್ಲಿ, ಆಮೇಲೆ ಬಾಡಿಗೆ ಮನೆಯಲ್ಲಿ, ಬಳಿಕ ಕರ್ಣಂಗೇರಿ, ಮದೆನಾಡು, ಜಂಬೂರಿನ ಹೊಸ ಬಡಾವಣೆಗಳಲ್ಲಿ ನೆಲೆಸಿದರು. ಹಳೆಯ ವಿಳಾಸದಲ್ಲಿ ಮನೆಯೇ ಇಲ್ಲ, ಹೊಸ ವಿಳಾಸ ಕೆಲವರಿಗೆ ಎರಡು ವರ್ಷದವರೆಗೆ ಸಿಗಲಿಲ್ಲ. ಮಣ್ಣು ಕುಸಿದು ನೆಲವಾದ ಮನೆಯ ಎದುರು ಪಟ್ಟಿ ಹಿಡಿದು ನಿಂತು ‘ವಾಸವಿಲ್ಲ’ ಎಂದು ಗುರುತು ಹಾಕುವುದು ನಿಯಮದ ಪ್ರಕಾರ ಸರಿ, ಆದರೆ ಆ ಗುರುತು ಹಾಕಲು ನನ್ನ ಕೈ ಏಳಲಿಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಳೆದುಕೊಂಡು ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಬಂದ ಆದಿವಾಸಿ ಕುಟುಂಬಗಳಿಗಂತೂ ವಿಧಾನಸಭಾ ಕ್ಷೇತ್ರವೇ ವಿರಾಜಪೇಟೆಯಿಂದ ಮಡಿಕೇರಿಗೆ ಬದಲಾಯಿತು.

ಒಂದು ಸಣ್ಣ ಸಲಹೆ. ಹೆಸರು ಹುಡುಕುವಾಗ ಜಾಲತಾಣದಲ್ಲಿ ಹೆಸರು ಬರೆದು ಸಿಗಲಿಲ್ಲವೆಂದು ಗಾಬರಿಯಾಗಬೇಡಿ. ಒಕ್ಕದ (ಮನೆತನದ) ಹೆಸರು ಮುಂದೆ ಬಂದು ಸ್ವಂತ ಹೆಸರು ಹಿಂದೆ ಬರುವ ನಮ್ಮ ಕಡೆಯ ಹೆಸರುಗಳು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೋಗಿ ಬರುವಷ್ಟರಲ್ಲಿ ಮನೆಯವರಿಗೇ ಗುರುತು ಸಿಗದಂತಾಗಿರುತ್ತವೆ. ಎಪಿಕ್ ಸಂಖ್ಯೆಯಿಂದ ಹುಡುಕಿ, ಅಥವಾ ಮತಗಟ್ಟೆಯ ಪೂರ್ತಿ ಪಟ್ಟಿಯನ್ನು ಇಳಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ತವರಿನ ಪಟ್ಟಿಯಿಂದ ಹೋಗಿ ಗಂಡನ ಮನೆಯ ಪಟ್ಟಿಗೆ ಬಾರದೆ ನಡುವೆ ಉಳಿದಿರುವುದು ಹೀಗೆ ಓದಿದಾಗ ಮಾತ್ರ ಕಾಣುತ್ತದೆ.

ಉತ್ತರ 3: ವ್ಯಾಪಾರಿ, ಕುಶಾಲನಗರ

ಎಲ್ಲರೂ ಹೆಸರು ಹೋದವರ ಪರವಾಗಿಯೇ ಮಾತಾಡುತ್ತಿದ್ದೀರಿ. ಪಟ್ಟಿಯನ್ನು ಶುದ್ಧ ಮಾಡುವುದು ತಪ್ಪೇ? ನಮ್ಮ ಬೀದಿಯಲ್ಲಿ ತೀರಿಕೊಂಡು ಆರು ವರ್ಷವಾದವರ ಹೆಸರು ಈಗಲೂ ಇದೆ. ಊರಿನಲ್ಲೂ ಬೆಂಗಳೂರಿನಲ್ಲೂ ಹೆಸರಿಟ್ಟುಕೊಂಡವರು, ಗಡಿಯಾಚೆ ಕೇರಳದಲ್ಲೂ ಈಚೆಯೂ ಹೆಸರಿರುವವರು ಎಷ್ಟು ಮಂದಿಯಿದ್ದಾರೆಂದು ಪಕ್ಷಗಳ ಏಜೆಂಟರಿಗೆ ಚೆನ್ನಾಗಿ ಗೊತ್ತು. ಬೆಳೆಗಾರರ ಅಣ್ಣನವರ ಮತ ಊರಿನಲ್ಲಿ ಇರುವುದು ಸರಿಯಲ್ಲವೆಂದು ಹಿರಿಯರೇ ಒಪ್ಪಿದ್ದಾರೆ. ಅದನ್ನು ತೆಗೆಯಿರಿ ಎಂದು ನಾನು ನಮೂನೆ 7 ಕೊಟ್ಟರೆ ನಾನು ಮತದ ಹಕ್ಕು ಕಿತ್ತುಕೊಂಡವನಾಗುತ್ತೇನೆಯೇ?

ಉತ್ತರ 4: ಚುನಾವಣಾ ಶಾಖೆಯ ನಿವೃತ್ತ ನೌಕರ, ಮಡಿಕೇರಿ

ಆಗುವುದಿಲ್ಲ. ತಮ್ಮ ಪ್ರಶ್ನೆ ನ್ಯಾಯವಾದದ್ದು. ಒಬ್ಬ ವ್ಯಕ್ತಿ ಎರಡು ಕ್ಷೇತ್ರಗಳಲ್ಲಿ ಇರಬಾರದೆಂದು 17ನೇ ಸೆಕ್ಷನ್, ಒಂದೇ ಕ್ಷೇತ್ರದಲ್ಲಿ ಎರಡು ಬಾರಿ ಇರಬಾರದೆಂದು 18ನೇ ಸೆಕ್ಷನ್ ಹೇಳುತ್ತವೆ. ಬೆಂಗಳೂರಿನವರೂ ಊರಿನ ಮೋಹಕ್ಕೆ ಎರಡು ಕಡೆ ಹೆಸರಿಟ್ಟುಕೊಂಡು, ಬೇರೆಲ್ಲೂ ನೋಂದಣಿಯಿಲ್ಲವೆಂದು ಸುಳ್ಳು ಘೋಷಣೆಗೆ ಸಹಿ ಮಾಡಿದರೆ 31ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ದಂಡ, ಅಥವಾ ಎರಡೂ ಆಗಬಹುದು. ಐನ್ ಮನೆಯ ಮೇಲಿನ ಹಕ್ಕಿಗೂ ಮತದ ಹಕ್ಕಿಗೂ ಸಂಬಂಧವಿಲ್ಲ. ಹುತ್ತರಿ ಹಬ್ಬಕ್ಕೆ ಬಂದು ಕದಿರು ತೆಗೆಯಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕಾಗಿಲ್ಲ.

ಆದರೆ ಅದೇ 31ನೇ ಸೆಕ್ಷನ್ ನಮೂನೆ 7ಕ್ಕೂ ಅನ್ವಯಿಸುತ್ತದೆ. ಆಕ್ಷೇಪಣೆ ಸಲ್ಲಿಸುವವನು ತನ್ನ ಹೆಸರು, ಎಪಿಕ್ ಸಂಖ್ಯೆ ಬರೆದು, ತಾನು ಹೇಳಿದ್ದು ಸತ್ಯವೆಂದು ಘೋಷಿಸಬೇಕು. ಇದನ್ನು ಯಂತ್ರದ ಹಾಗೆ ಬಳಸಿದರೆ ಏನಾಗುತ್ತದೆಂದು ನಮ್ಮ ರಾಜ್ಯವೇ ನೋಡಿದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಲು ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು, ಪರಿಶೀಲಿಸಿದಾಗ ಸರಿಯೆಂದು ಕಂಡುಬಂದವು ಬರೀ 24. ಅರ್ಜಿ ಯಾರ ಹೆಸರಿನಲ್ಲಿ ಹೋಗಿತ್ತೋ ಆ ಮತದಾರರಿಗೇ ಅದರ ಸುಳಿವಿರಲಿಲ್ಲವೆಂಬುದು ಹೊರಬಿದ್ದು, ಆ ವರ್ಷದ ಫೆಬ್ರವರಿಯಲ್ಲಿ ಪೊಲೀಸ್ ದೂರು ದಾಖಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ಅದರ ತನಿಖೆಗೆ ವಿಶೇಷ ತಂಡವನ್ನೂ ರಚಿಸಿತು. ಅಲ್ಲಿ ಹೆಸರುಗಳು ಉಳಿದದ್ದು, ತನ್ನ ಸಂಬಂಧಿಯ ಹೆಸರು ತೆಗೆಯಲು ಅರ್ಜಿ ಬಂದಿರುವುದನ್ನು ಒಬ್ಬ ಬಿಎಲ್‌ಒ ಗಮನಿಸಿ ವಿಚಾರಿಸಿದ ಕಾರಣದಿಂದ. ಆದ್ದರಿಂದಲೇ ಬಾಗಿಲಿಗೆ ಹೋಗಿ ವಿಚಾರಿಸುವ ಕೆಲಸವನ್ನು ಆ್ಯಪ್‌ಗೆ ವಹಿಸಿ ಕುಳಿತುಕೊಳ್ಳಬಾರದೆಂದು ನಾನು ಹೇಳುವುದು.

ಪಕ್ಷಗಳ ಮತಗಟ್ಟೆ ಏಜೆಂಟರು ಬಿಎಲ್‌ಒಗೆ ಒಂದು ದಿನಕ್ಕೆ ಹತ್ತಕ್ಕಿಂತ ಹೆಚ್ಚು ಅರ್ಜಿ ಕೊಡುವಂತಿಲ್ಲ, ಇಡೀ ಅವಧಿಯಲ್ಲಿ ಮೂವತ್ತನ್ನು ಮೀರಿದರೆ ನೋಂದಣಾಧಿಕಾರಿ ಅಥವಾ ಸಹಾಯಕ ನೋಂದಣಾಧಿಕಾರಿ ತಾವೇ ಮರುಪರಿಶೀಲಿಸಬೇಕೆಂಬ ಸೂಚನೆ ಇರುವುದೂ ಈ ಭಯದಿಂದಲೇ. ಬಂದ ಆಕ್ಷೇಪಣೆಗಳ ಪಟ್ಟಿಯನ್ನು ಕಚೇರಿಯ ಸೂಚನಾ ಫಲಕದಲ್ಲಿ ಹಾಕುತ್ತಾರೆ. ಅದನ್ನು ನಿಂತು ಓದುವವರು ಪಕ್ಷದವರಲ್ಲದೆ ಬೇರೆ ಯಾರೂ ಇಲ್ಲ ಎಂಬುದು ನನ್ನ ಹಳೆಯ ಕೊರಗು. ಅಧಿಕಾರಿಗಳೂ ಕಾನೂನಿನ ಹೊರಗಿಲ್ಲ: ಪಟ್ಟಿಯ ಕರ್ತವ್ಯದಲ್ಲಿ ತಕ್ಕ ಕಾರಣವಿಲ್ಲದೆ ಲೋಪ ಎಸಗಿದವರಿಗೆ 32ನೇ ಸೆಕ್ಷನ್ ಮೂರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆವಾಸವನ್ನು ಹೇಳುತ್ತದೆ.

ಕುಶಾಲನಗರದ ಗೆಳೆಯರು ಕೇರಳದ ಮಾತೆತ್ತಿದ್ದರಿಂದ ಇನ್ನೊಂದು ವಿಷಯ. 2025ರ ಜೂನ್‌ನಲ್ಲಿ ಬಿಹಾರದಲ್ಲಿ ಆರಂಭವಾದ, ಮತದಾರರ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸುವ ವಿಶೇಷ ತೀವ್ರ ಪರಿಷ್ಕರಣೆಯ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಹೆಸರುಗಳನ್ನು ಕಾರಣಸಹಿತ ಪ್ರಕಟಿಸುವಂತೆ ಆದೇಶಿಸಿದ ನಂತರವೇ ಯಾರು ಯಾಕೆ ಹೊರಗುಳಿದರೆಂದು ಸಾಮಾನ್ಯರಿಗೆ ತಿಳಿಯಿತು. ಅಕ್ಟೋಬರ್ 27ರಂದು ಘೋಷಣೆಯಾದ ಎರಡನೇ ಹಂತದಲ್ಲಿ ಕೇರಳವೂ ಸೇರಿತ್ತು. ಇಂಥ ಪರಿಷ್ಕರಣೆಯಲ್ಲಿ ಹಿಂದಿನ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ತಮ್ಮ ಅಥವಾ ಹೆತ್ತವರ ಹೆಸರು ಎಲ್ಲಿದೆಯೆಂದು ಕೇಳುತ್ತಾರೆ. ಕರ್ನಾಟಕದಲ್ಲಿ ಅದು ನಡೆದದ್ದು 2002ರಲ್ಲಿ. ಆಗ ಕೊಡಗಿನಲ್ಲಿ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ವಿಧಾನಸಭಾ ಕ್ಷೇತ್ರಗಳಿದ್ದವು. 2008ರಿಂದ ಮಡಿಕೇರಿ, ವಿರಾಜಪೇಟೆ ಎರಡೇ. ಉತ್ತರ ಕೊಡಗಿನವರು ಹಳೆಯ ಪಟ್ಟಿಯಲ್ಲಿ ಮಡಿಕೇರಿಯಡಿ ಹುಡುಕಿ ಹೆಸರಿಲ್ಲವೆಂದು ಕೈಚೆಲ್ಲದೆ, ಸೋಮವಾರಪೇಟೆ ಕ್ಷೇತ್ರವನ್ನೂ ನೋಡಬೇಕು. ಆ ಪುಟವನ್ನು ಈಗಲೇ ಹುಡುಕಿ, ಭಾಗದ ಸಂಖ್ಯೆ ಮತ್ತು ಕ್ರಮಸಂಖ್ಯೆಯನ್ನು ಪಡಿತರ ಚೀಟಿಯ ಜೊತೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ: ಬೆಳೆಗಾರ, ದಕ್ಷಿಣ ಕೊಡಗು

ಹಿರಿಯರಿಗೂ ಟೀಚರ್ ಅವರಿಗೂ ತುಂಬಾ ಉಪಕಾರವಾಯಿತು. ಅಣ್ಣನಿಗೆ ಇದನ್ನು ಓದಿ ಹೇಳಿದೆ. ಸಿಟ್ಟಾದರು, ಆದರೆ ನಮೂನೆ 8ರಲ್ಲಿ ಬೆಂಗಳೂರಿನ ವಿಳಾಸಕ್ಕೆ ವರ್ಗಾಯಿಸಿಕೊಳ್ಳುವುದಾಗಿ ಒಪ್ಪಿದ್ದಾರೆ. ಇನ್ನೊಂದು ಸಂಶಯ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ 49ಎ ಅಡಿಯಲ್ಲಿ ‘ಚಾಲೆಂಜ್ ವೋಟ್’ ಹಾಕಬಹುದೆಂದು ನಮ್ಮ ಗ್ರಾಮದ ವಾಟ್ಸಾಪ್ ಗುಂಪಿನಲ್ಲಿ ಸಂದೇಶವೊಂದು ಓಡಾಡುತ್ತಿದೆ. ಅದು ನಿಜವಾದರೆ ಇಷ್ಟೆಲ್ಲ ಓಡಾಟ ಏಕೆ ಎಂದು ಎರವ ಕುಟುಂಬದ ಹುಡುಗ ಕೇಳುತ್ತಿದ್ದಾನೆ.

ಉತ್ತರ 5: ವಕೀಲೆ, ವಿರಾಜಪೇಟೆ

ಆ ಸಂದೇಶ ಪ್ರತಿ ಚುನಾವಣೆಗೂ ಮೊದಲ ಮಳೆಗೆ ಏಳುವ ಅಣಬೆಯ ಹಾಗೆ ಬರುತ್ತದೆ, ಮತ್ತು ಪೂರ್ತಿ ಸುಳ್ಳು. 1961ರ ಚುನಾವಣೆಗಳ ನಡವಳಿಕೆ ನಿಯಮಗಳಲ್ಲಿ 49ಎ ಇರುವುದು ಮತಯಂತ್ರದ ವಿನ್ಯಾಸದ ಬಗ್ಗೆ. ಆಕ್ಷೇಪಿತ ಮತವೆಂದರೆ, ಮತ ಹಾಕಲು ಬಂದವನು ತಾನು ಹೇಳಿಕೊಳ್ಳುವ ವ್ಯಕ್ತಿಯೇ ಅಲ್ಲವೆಂದು ಏಜೆಂಟನೊಬ್ಬ ಆಕ್ಷೇಪಿಸುವುದು. ಅದಕ್ಕೆ ಎರಡು ರೂಪಾಯಿ ಠೇವಣಿ ಇಡಬೇಕು. ತಮ್ಮ ಹೆಸರಿನಲ್ಲಿ ಬೇರೆ ಯಾರೋ ಆಗಲೇ ಮತ ಹಾಕಿಬಿಟ್ಟಿದ್ದರೆ 49ಪಿ ನಿಯಮದಡಿ ಕಾಗದದ ಮತಪತ್ರ ಸಿಗುತ್ತದೆ. ಈ ಎರಡೂ ಪಟ್ಟಿಯಲ್ಲಿ ಹೆಸರಿರುವವರ ಮಾತು. ಹೆಸರಿಲ್ಲದವರು ಮತ ಹಾಕುವಂತಿಲ್ಲವೆಂದು 1951ರ ಕಾಯ್ದೆಯ 62ನೇ ಸೆಕ್ಷನ್ ನೇರವಾಗಿಯೇ ಹೇಳುತ್ತದೆ.

ಇದಕ್ಕೆ ಹತ್ತಿರದ ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ಗೈರು, ಸ್ಥಳಾಂತರ, ಮೃತ ಎಂದು ಗುರುತಿಸಿದ ಹೆಸರುಗಳ ಎಎಸ್‌ಡಿ ಪಟ್ಟಿಯೊಂದನ್ನು ಮತದಾನದ ದಿನ ಮತಗಟ್ಟೆಯ ಅಧಿಕಾರಿಗೆ ಕೊಟ್ಟಿರುತ್ತಾರೆ. ಅದರಲ್ಲಿ ಹೆಸರಿದ್ದ ಮಾತ್ರಕ್ಕೆ ಮತ ಹೋಗುವುದಿಲ್ಲ. ಮುಖ್ಯ ಪಟ್ಟಿಯಲ್ಲಿ ಹೆಸರು ಅಳಿಸದೆ ಉಳಿದಿದ್ದರೆ, ಗುರುತಿನ ದಾಖಲೆ ತೋರಿಸಿ, ಘೋಷಣೆಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿ ಮತ ಚಲಾಯಿಸಬಹುದು. ಎಎಸ್‌ಡಿ ಎಂದ ಕೂಡಲೇ ತಲೆ ತಗ್ಗಿಸಿ ಮನೆಗೆ ಹಿಂದಿರುಗಿದ ಕೂಲಿ ಹೆಂಗಸರನ್ನು ನಾನು ನೋಡಿದ್ದೇನೆ.

ಉತ್ತರ 6: ಮಾಜಿ ಸೈನಿಕ, ಪೊನ್ನಂಪೇಟೆ

ಸೇನೆಯಲ್ಲಿರುವವರು ಬಹಳವಿರುವ ಜಿಲ್ಲೆ ನಮ್ಮದಾದ್ದರಿಂದ ಒಂದು ಮಾತು. ಸೇವೆಯಲ್ಲಿರುವ ಸೈನಿಕರು ಊರಿನ ವಿಳಾಸದಲ್ಲೇ ಸೇವಾ ಮತದಾರರಾಗಿ ನೋಂದಾಯಿಸಿಕೊಳ್ಳಬಹುದು, ಅವರ ಹೆಸರುಗಳು ಪ್ರತ್ಯೇಕ ಪಟ್ಟಿಯಲ್ಲಿರುತ್ತವೆ. ಮನೆಯವರು ಸಾಮಾನ್ಯ ಪಟ್ಟಿಯಲ್ಲಿ ಹುಡುಕಿ ‘ಮಗನ ಹೆಸರು ತೆಗೆದುಬಿಟ್ಟರು’ ಎಂದು ಜಗಳಕ್ಕೆ ಹೋಗುವುದುಂಟು. ನಿಜವಾದ ತೊಂದರೆ ನಿವೃತ್ತಿಯ ನಂತರದ್ದು. ನಾನು ಊರಿಗೆ ಮರಳಿದ ಮೇಲೆ ಸೇವಾ ಪಟ್ಟಿಯಿಂದ ಹೆಸರು ಹೋಯಿತು, ಸಾಮಾನ್ಯ ಪಟ್ಟಿಗೆ ತಾನಾಗಿ ಬರುತ್ತದೆಂದು ಕುಳಿತೆ, ಬರಲಿಲ್ಲ. ಜೊತೆಯಲ್ಲಿದ್ದ ಕಾರಣಕ್ಕೆ ಸೇವಾ ಮತದಾರಳಾಗಿದ್ದ ಹೆಂಡತಿಯದೂ ಇದೇ ಕಥೆಯಾಗಿ, ಇಬ್ಬರೂ ಒಂದು ಚುನಾವಣೆಯಲ್ಲಿ ಮತ ಕಳೆದುಕೊಂಡೆವು. ಊರಿಗೆ ಬಂದ ತಕ್ಷಣ ನಮೂನೆ 6 ಕೊಡಬೇಕು.

ಉತ್ತರ 7: ಒಹಾಯೊದಲ್ಲಿ ನೆಲೆಸಿರುವ ಮಡಿಕೇರಿಯವ

ದೂರದಿಂದ ಓದುತ್ತಿರುವವನ ಸೇರಿಕೆ. ನಾನಿರುವ ಒಹಾಯೊದಲ್ಲಿ ಎರಡು ವರ್ಷ ಮತ ಹಾಕದವರಿಗೆ ಒಂದು ಅಂಚೆ ಕಾರ್ಡ್ ಕಳುಹಿಸಿ, ಅದಕ್ಕೆ ಉತ್ತರ ಬಾರದೆ ಮುಂದಿನ ನಾಲ್ಕು ವರ್ಷಗಳಲ್ಲೂ ಮತ ಹಾಕದಿದ್ದರೆ ಹೆಸರು ತೆಗೆಯುತ್ತಿದ್ದರು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು-ನಾಲ್ಕರ ಬಹುಮತದಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ದೇಶದ 1993ರ ಮತದಾರರ ನೋಂದಣಿ ಕಾಯ್ದೆ, ರಾಷ್ಟ್ರಮಟ್ಟದ ಚುನಾವಣೆಗೆ 90 ದಿನಗಳಿರುವಾಗಿನಿಂದ ಸಾಮೂಹಿಕವಾಗಿ ಹೆಸರು ತೆಗೆಯುವ ಕಾರ್ಯಕ್ರಮ ನಡೆಸುವಂತಿಲ್ಲವೆಂದೂ ಹೇಳುತ್ತದೆ. ಭಾರತದಲ್ಲಿ ಮತ ಹಾಕಲಿಲ್ಲವೆಂಬುದು ಹೆಸರು ತೆಗೆಯಲು ಕಾರಣವೇ ಅಲ್ಲ ಎಂಬುದನ್ನು ಊರಿನ ಹಿರಿಯರಿಗೆ ಹೇಳಿ. ನನ್ನ ಅಜ್ಜಿ ಆ ಭಯಕ್ಕೇ ಜ್ವರದಲ್ಲೂ ಮತಗಟ್ಟೆಗೆ ಹೋಗುತ್ತಿದ್ದರು. ಅಂದಹಾಗೆ, ಇಲ್ಲಿಯ ಪೌರತ್ವ ಪಡೆದ ಮೇಲೆ ಮಡಿಕೇರಿಯ ಪಟ್ಟಿಯಲ್ಲಿದ್ದ ನನ್ನ ಹೆಸರನ್ನು ತೆಗೆಸಲು ನಾನೇ ನಮೂನೆ 7 ಕೊಟ್ಟೆ. ಭಾರತದ ಪೌರತ್ವ ಉಳಿಸಿಕೊಂಡು ಕೊಲ್ಲಿ ಮುಂತಾದ ಹೊರದೇಶಗಳಲ್ಲಿ ದುಡಿಯುವವರಾದರೆ ನಮೂನೆ 6ಎ ಮೂಲಕ ಪಾಸ್‌ಪೋರ್ಟಿನ ವಿಳಾಸದಲ್ಲಿ ನೋಂದಾಯಿಸಿಕೊಂಡು, ಊರಿಗೆ ಬಂದು ಮತ ಹಾಕಬಹುದು.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ. ಆದೇಶದ ಪ್ರತಿ ಕೇಳಿ ಬರೆದ ಅರ್ಜಿಗೆ ನಾಲ್ಕನೇ ದಿನವೇ ಉತ್ತರ ಬಂತು; ನೋಟಿಸನ್ನು ‘ಮನೆಯವರಿಗೆ ತಿಳಿಸಲಾಗಿದೆ’ ಎಂದು ಬರೆದಿದ್ದರು, ಯಾರ ಸಹಿಯೂ ಇರಲಿಲ್ಲ. ತಾಯಿಯನ್ನು ಜೀಪಿನಲ್ಲಿ ತಾಲ್ಲೂಕು ಕಚೇರಿಗೆ ಕರೆದುಕೊಂಡು ಹೋದೆವು. ಅಧಿಕಾರಿ ಸೌಜನ್ಯದಿಂದಲೇ ನಡೆದುಕೊಂಡರು. ವಾಕರ್ ಹಿಡಿದು ಬಂದ ತಾಯಿಯನ್ನು ಕಂಡು, ಬಾರದಿದ್ದರೂ ನಡೆಯುತ್ತಿತ್ತು ಎಂದರು. ‘ಮನೆಯಲ್ಲಿ ಇರಲಿಲ್ಲವೆಂದು ತಾನೇ ನೀವು ತೆಗೆದದ್ದು, ಅದಕ್ಕೆ ಬಂದೆ’ ಎಂದು ತಾಯಿ ಉತ್ತರಿಸಿದರು. ಅವರ ಅರ್ಜಿ ಅಂಗೀಕಾರವಾಗಿದೆ.

ಎರವ ಕುಟುಂಬದ ಮೂವರಲ್ಲಿ ಇಬ್ಬರ ಅರ್ಜಿ ಒಪ್ಪಿಗೆಯಾಗಿದೆ. ಹಿರಿಯ ಮಗಳ ಹೆಸರು ಐದು ವರ್ಷದ ಹಿಂದೆ ಅವರು ಕೊಯ್ಲಿಗೆಂದು ಇದ್ದ ಮತ್ತೊಂದು ಗ್ರಾಮದ ಪಟ್ಟಿಯಲ್ಲಿ, ತಂದೆಯ ಹೆಸರು ತಪ್ಪಾಗಿ, ಇನ್ನೂ ಉಳಿದಿರುವುದು ಪರಿಶೀಲನೆಯಲ್ಲಿ ಗೊತ್ತಾಯಿತು. ಆಕೆಯ ನಮೂನೆ 6ನ್ನು ಹಿಂಪಡೆದು, ತಿದ್ದುಪಡಿ ಮತ್ತು ವರ್ಗಾವಣೆಗೆ ನಮೂನೆ 8 ಕೊಟ್ಟಿದ್ದೇವೆ. ಬರುವ ಮಂಗಳವಾರ ವಿಚಾರಣೆಗೆ ಕರೆದಿದ್ದಾರೆ. ಹೊಸ ತೋಟದ ರೈಟರ್ ಅಂದು ಅರ್ಧ ದಿನದ ಕೂಲಿ ಹಿಡಿಯುವುದಿಲ್ಲವೆಂದು ಹೇಳಿದ್ದಾರೆ. ಪಕ್ಕದ ತೋಟದ ಲೈನಿನ ಉಳಿದ ಹೆಸರುಗಳನ್ನು ನೋಡಲು ಈ ಭಾನುವಾರ ಸಂಜೆ ಪಟ್ಟಿ ಹಿಡಿದು ಹೋಗುತ್ತೇನೆ.